ಸಿಗರೇಟು ಬಿಟ್ಟ ಮೇಲೆ ಹೊಟ್ಟೆ ಕಟ್ಟಿದಂತಾದರೆ

ಸಿಗರೇಟು, ಬೀಡಿ ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ, ಹೊಟ್ಟೆಯುಬ್ಬರ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ತಂಬಾಕಿನಲ್ಲಿರುವ ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಬೆಳಿಗ್ಗೆ ಒಂದು ದಮ್ಮು ಎಳೆಯದೆ ಶೌಚವಾಗುವುದಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಆ ಪ್ರಚೋದನೆ ನಿಂತಾಗ ಕರುಳು ಮಂದವಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ದಯವಿಟ್ಟು ಇದೊಂದೇ ಕಾರಣಕ್ಕೆ ಮತ್ತೆ ಬೀಡಿ ಹಚ್ಚಬೇಡಿ.

ಎದ್ದ ಕೂಡಲೇ ಬಿಸಿನೀರು ಕುಡಿದು, ಸ್ವಲ್ಪ ನಡೆದಾಡಿ, ದಿನವೂ ಅದೇ ಹೊತ್ತಿಗೆ ಶೌಚಕ್ಕೆ ಹೋಗಿ. ಅಲ್ಲಿ ಬಲವಂತವಾಗಿ ತಿಣುಕಬೇಡಿ. ಊಟದಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಸೀಬೆಹಣ್ಣು ಇರಲಿ. ರಾತ್ರಿ ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕದಡಿ, ಲೋಳೆಯಾಗಿ ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು ಬೇಕೇ ಬೇಕು. ನೀರು ಸಾಲದಿದ್ದರೆ ತೊಂದರೆ ಹೆಚ್ಚುತ್ತದೆ.

ಕಾಫಿಯ ವಿಷಯವನ್ನು ಯಾರೂ ಹೇಳುವುದಿಲ್ಲ. ಹೊಗೆ ಸೇದುವವರ ದೇಹ ಕೆಫೀನನ್ನು ಬೇಗ ಹೊರಹಾಕುತ್ತದೆ. ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆ ಡವಡವ ಎನ್ನುತ್ತದೆ, ನಿದ್ದೆ ಕೆಡುತ್ತದೆ. ಆದ್ದರಿಂದ ಅರ್ಧಕ್ಕೆ ಇಳಿಸಿ.

ನಿಕೋಟಿನ್ ಗಮ್ ಬಳಸುವವರು ಅದನ್ನು ಸ್ವಲ್ಪ ಅಗಿದು, ಖಾರ ತಟ್ಟಿದೊಡನೆ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಿ. ಬಿಡದೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ.

ಮಲದಲ್ಲಿ ರಕ್ತ, ತೀವ್ರ ಹೊಟ್ಟೆನೋವು, ವಾಂತಿ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ. ಸೇದುವ ಆಸೆ ತಡೆಯಲಾಗದಿದ್ದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.