ಗುಲ್ಮಾರ್ಗ್‌ನಲ್ಲಿ ಸ್ಕೀ: ಎತ್ತರದ ಲೆಕ್ಕ ಹಾಕುವ ಬಗೆ

ಸ್ಕೀ ಮಾಡುವ ಜಾಗದ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂಕಿ ಸಾಮಾನ್ಯವಾಗಿ ಕೊನೆಯ ಲಿಫ್ಟಿನ ತುದಿಯದು. ಅದೊಂದನ್ನೇ ನಂಬಿ ಟಿಕೆಟ್ ಮಾಡಬಾರದು. ನಾನು ಮೂರು ಅಂಕಿ ಬರೆದುಕೊಳ್ಳುತ್ತೇನೆ: ರಾತ್ರಿ ಮಲಗುವ ಎತ್ತರ, ದಿನವಿಡೀ ಜಾರುವ ಎತ್ತರ, ಕೊನೆಗೆ ತುದಿ.

ಗುಲ್ಮಾರ್ಗ್‌ನಲ್ಲಿ ಮಲಗುವುದೂ ಹೊಸಬರು ಕಲಿಯುವುದೂ ಸುಮಾರು 2,650 ಮೀಟರಿನಲ್ಲಿ. ಗೊಂಡೋಲಾದ (ತಂತಿಯ ಮೇಲೆ ಓಡುವ ಕೇಬಲ್ ಕಾರಿನ) ಮೊದಲ ಹಂತ ಕೊಂಗ್‌ಡೋರಿಗೆ, ಸುಮಾರು 3,080. ಎರಡನೆಯದು ಅಫರ್ವತ್ ಬೆಟ್ಟದ ಮೇಲೆ 3,950ರ ಹತ್ತಿರ ಇಳಿಸುತ್ತದೆ. ಫ್ರಾನ್ಸ್‌ನ ವಾಲ್ ಥೋರೆನ್ಸ್‌ನಲ್ಲಿ ಊರು 2,300, ತುದಿ 3,230. ಅಂಕಿಯಲ್ಲಿ ಗುಲ್ಮಾರ್ಗ್ ಮುಂದಿದೆ, ನಿಜ. ಆದರೆ ವಾಲ್ ಥೋರೆನ್ಸ್‌ನಲ್ಲಿ ಮೇಲಿನಿಂದ ಊರಿನ ತನಕ ಯಂತ್ರ ಓಡಿಸಿ ಹದ ಮಾಡಿದ ಹಾದಿಗಳಿವೆ. ಅಫರ್ವತ್‌ನ ಮೇಲ್ಭಾಗದಲ್ಲಿ ಬಹುಪಾಲು ಹಿಮ ಬಿದ್ದಂತೆಯೇ ಇರುತ್ತದೆ. ಮೊದಲ ಸಲ ಸ್ಕೀ ಕಟ್ಟುವವರಿಗೆ ಆ 3,950 ಫೋಟೋ ತೆಗೆಯುವ ಜಾಗ, ಅಷ್ಟೇ. ಅವರ ಗುಲ್ಮಾರ್ಗ್ ಕೆಳಗಿನ ಬಯಲು.

ಹಾಗಾಗಿ ವಾರ ಆರಿಸುವಾಗ ಕೆಳಗಿನ ಹಿಮವನ್ನೇ ನೋಡಬೇಕು. ಕಾಶ್ಮೀರದ ಕಡುಚಳಿಯ 40 ದಿನ, ಚಿಲ್ಲೈ ಕಲಾನ್, ಡಿಸೆಂಬರ್ 21ಕ್ಕೆ ಶುರು. ಚಳಿ ಇದ್ದ ಮಾತ್ರಕ್ಕೆ ಹಿಮ ಇರಬೇಕೆಂದಿಲ್ಲ. 2024ರಲ್ಲಿ ಜನವರಿ ಮುಗಿಯುತ್ತಾ ಬರುವವರೆಗೂ ಗುಲ್ಮಾರ್ಗ್‌ನ ಬಯಲು ಒಣಹುಲ್ಲಾಗಿತ್ತು. ಕ್ರಿಸ್‌ಮಸ್ ರಜೆಗೆ ಗುಲ್ಮಾರ್ಗ್‌ಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಹೋಗಿ. ಉತ್ತರಾಖಂಡದ ಸ್ಕೀ ತಾಣ ಔಲಿಯ ಬಗ್ಗೆಯೂ ಕೇಳುತ್ತಾರೆ. 2023ರಲ್ಲಿ ಅದರ ಕೆಳಗಿನ ಊರು ಜೋಶಿಮಠದ ನೆಲ ಕುಸಿದಾಗ ಔಲಿಗೆ ಹೋಗುವ ರೋಪ್‌ವೇ ನಿಂತಿತು; ಹೋಗುವ ಮುಂಚೆ ರಸ್ತೆ, ಲಿಫ್ಟ್ ಎರಡನ್ನೂ ವಿಚಾರಿಸಿಕೊಳ್ಳಿ.

ಬೆಂಗಳೂರು ಸುಮಾರು 900 ಮೀಟರ್, ಶ್ರೀನಗರ ಸುಮಾರು 1,600. ಒಂದು ರಾತ್ರಿ ಶ್ರೀನಗರದಲ್ಲಿ ತಂಗಿ ಮೇಲೆ ಹೋದರೆ ತಲೆನೋವು, ವಾಕರಿಕೆ ಕಡಿಮೆ. ಮಂಜು ಕವಿದು ವಿಮಾನ ರದ್ದಾಗುವುದು ಮಾಮೂಲು, ವಾಪಸ್ ಬರುವಾಗಲೂ ಒಂದು ದಿನ ಖಾಲಿ ಬಿಡಿ. ಬೆಟ್ಟದ ಬುಡದ ಊರು ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ 13 ಕಿ.ಮೀ.ಗೆ ಹಿಮ ಬಿದ್ದಾಗ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಒಯ್ಯಿರಿ.

ಹೋಟೆಲಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಇಳಿಜಾರಿಗೆ ನಡೆದುಹೋಗಲು ಎಷ್ಟು ದೂರ? ಹೆಗಲ ಮೇಲೆ ಸ್ಕೀ, ಕಾಲಲ್ಲಿ ಬಗ್ಗದ ಬೂಟು ಹಾಕಿಕೊಂಡು ಅರ್ಧ ಕಿ.ಮೀ. ನಡೆದರೆ ಬೆಳಗಿನ ಶಕ್ತಿ ಅಲ್ಲೇ ಮುಗಿಯುತ್ತದೆ. ಕೋಣೆ ಬೆಚ್ಚಗಿಡುವುದು ಹೇಗೆ? ಬುಖಾರಿ ಒಲೆ ಅಥವಾ ಗ್ಯಾಸ್ ಹೀಟರ್ ಎಂದರೆ ಮಲಗುವ ಮುನ್ನ ಆರಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಪಳಗಿದವರು ಎರಡನೇ ಹಂತಕ್ಕೆ ಹೋಗುವುದಾದರೆ: ಹೊಸ ಹಿಮ ಬಿದ್ದ ಮರುದಿನ, ಇಲ್ಲವೇ ಗಾಳಿ ಜೋರಿದ್ದಾಗ ಅದು ತೆರೆಯದಿರಬಹುದು. ಒಂದೇ ದಿನ ನಂಬಿಕೊಂಡರೆ ಕೈಗೆ ಸಿಗಲಿಕ್ಕಿಲ್ಲ, ಮೂರು ದಿನ ಇಟ್ಟುಕೊಳ್ಳಿ. ಸ್ಕೀ ಪ್ರದೇಶದ ಗಡಿ ದಾಟಿದ ಜಾಗದಲ್ಲಿ ಹಿಮಕುಸಿತದಿಂದ ಸ್ಕೀಯರ್‌ಗಳು ಸತ್ತಿದ್ದಾರೆ. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಹಚ್ಚುವ ಸಂಕೇತ ಯಂತ್ರ), ಸಲಿಕೆ, ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸ್ಥಳೀಯ ಗೈಡ್, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕೆಳಗೇ ಉಳಿಯುವುದು ಕ್ಷೇಮ. ಪ್ರಯಾಣ ವಿಮೆಯ ಪತ್ರದಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಟ್ಟಿದ್ದಾರೆಯೇ ಎಂದೂ ಓದಿ ನೋಡಿ.

ಬಾಡಿಗೆ ಅಂಗಡಿಯಲ್ಲಿ ಅವಸರ ಬೇಡ. ಹೊಸಬರಿಗೆ ಸ್ಕೀ ಗಲ್ಲದ ಎತ್ತರಕ್ಕೆ ಸಾಕು. ಬೂಟು ಹಾಕಿ ನೆಟ್ಟಗೆ ನಿಂತರೆ ಕಾಲ್ಬೆರಳ ತುದಿ ಬೂಟಿನ ಮುಂಭಾಗವನ್ನು ಸವರಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ರಕ್ತ ಸರಿಯಾಗಿ ಹರಿಯದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಬಿಗಿತದ ಅಂಕಿಯನ್ನು ನಿಮ್ಮ ತೂಕ, ಬೂಟಿನ ಅಡಿಯ ಉದ್ದ, ಅನುಭವ ನೋಡಿ ತಿರುಗಿಸಬೇಕು. ಹಿಂದಿನ ಗಿರಾಕಿಗೆ ಇಟ್ಟದ್ದನ್ನೇ ಬಿಟ್ಟಿರುವುದೂ ಉಂಟು. ಹೆಚ್ಚಾದರೆ ಬಿದ್ದಾಗ ಸ್ಕೀ ಕಳಚದೆ ಮಂಡಿ ತಿರುಚುತ್ತದೆ, ಕಡಿಮೆಯಾದರೆ ತಿರುವಿನಲ್ಲೇ ಕಳಚಿಕೊಳ್ಳುತ್ತದೆ. ಹಿಮ್ಮಡಿ ಒತ್ತಿದಾಗ «ಟಕ್» ಎನ್ನದಿದ್ದರೆ ಬೂಟಿನ ಅಡಿಗೆ ಹಿಮ ಅಂಟಿರಬಹುದು. ಕೋಲಿನ ತುದಿಯಿಂದ ಕೆರೆದು ತೆಗೆದು ಮತ್ತೆ ಒತ್ತಿ.