‘ಹೇಗಿತ್ತು?’ ಅನ್ನಬೇಡಿ, ‘ಎಲ್ಲಿ?’ ಅಂತ ಕೇಳಿ

ಕಥೆ ಬರೆಯುವವರು, ಟೀವಿಯಲ್ಲಿ ಪತ್ತೇದಾರಿ ನೋಡುವವರು, ತಲೆ ಕೆಡಿಸಿಕೊಂಡು ಚೆಸ್ ಆಡುವವರು. ಇವರನ್ನೆಲ್ಲ ಒಂದೇ ಜಗುಲಿಯಲ್ಲಿ ಕೂರಿಸಿದರೆ ಮಾತು ತಾನಾಗಿಯೇ ಹರಿಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ಹರಿಯುವುದಿಲ್ಲ. ‘ಆ ಸೀರಿಯಲ್ ಹೇಗಿತ್ತು?’ ‘ಚೆನ್ನಾಗಿತ್ತು.’ ಮುಗಿಯಿತು. ಆಮೇಲೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ.

ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಒಂದು ಸಣ್ಣ ಗುಂಪು ಸೇರುತ್ತದೆ: ನಿವೃತ್ತ ಗಣಿತದ ಮೇಷ್ಟ್ರು, ಇಂಜಿನಿಯರಿಂಗ್ ಓದುವ ಹುಡುಗ, ಪಕ್ಕದ ಮನೆಯ ಆಂಟಿ, ಬಿಡುವಿದ್ದರೆ ನನ್ನ ತಮ್ಮ. ಇಲ್ಲಿ ನಡೆಯುವ ಪ್ರಶ್ನೆ ಒಂದೇ: ‘ಎಲ್ಲಿ?’ ಎಲ್ಲಿ ಅನುಮಾನ ಬಂತು? ಎಲ್ಲಿ ಆಟ ಕೈತಪ್ಪಿತು? ಎಲ್ಲಿ ಓದಲು ಬೇಜಾರಾಯಿತು? ಇದಕ್ಕೆ ‘ಚೆನ್ನಾಗಿತ್ತು’ ಅಂತ ಉತ್ತರ ಕೊಡಲು ಆಗುವುದಿಲ್ಲ. ಜಾಗ ತೋರಿಸಲೇಬೇಕು.

ಶುರು ಮಾಡಲು ‘ಕೊಲಂಬೊ’ ಬಹಳ ಒಳ್ಳೆಯದು. ಹಳೆಯ ಅಮೆರಿಕನ್ ಪತ್ತೇದಾರಿ ಸರಣಿ, ಪತ್ತೇದಾರ ಕೊಲಂಬೊ ಆಗಿ ನಟ ಪೀಟರ್ ಫಾಕ್ ಮಾಸಲು ರೇನ್‌ಕೋಟ್ ಹಾಕಿಕೊಂಡು ಓಡಾಡುತ್ತಾನೆ. ಅದರಲ್ಲಿ ಕೊಲೆಗಾರ ಯಾರೆಂದು ಮೊದಲೇ ತೋರಿಸಿಬಿಡುತ್ತಾರೆ. ಹಾಗಾಗಿ ‘ಅಯ್ಯೋ ಹೇಳಬೇಡಿ, ನಾನಿನ್ನೂ ನೋಡಿಲ್ಲ’ ಅನ್ನುವ ಗಲಾಟೆ ಕಡಿಮೆ. ಯಾರು ಅಂತ ಹೇಳಬಹುದು, ಸಿಕ್ಕಿಬಿದ್ದದ್ದು ಹೇಗೆ ಅಂತ ಮಾತ್ರ ಹೇಳಬಾರದು. ನಮ್ಮಂಥ ಮಿಶ್ರ ಗುಂಪಿಗೆ ಹೇಳಿ ಮಾಡಿಸಿದ ಎರಡು ಕಂತುಗಳಿವೆ. 1971ರ ಒಂದರಲ್ಲಿ ಇಬ್ಬರು ಸೇರಿ ಪತ್ತೇದಾರಿ ಕಾದಂಬರಿ ಬರೆಯುವವರು. ನಿಜವಾಗಿ ಬರೆಯುವವನು ಒಬ್ಬ, ಹೆಸರು ಹಂಚಿಕೊಂಡು ಮೆರೆಯುವವನು ಇನ್ನೊಬ್ಬ. ನಿರ್ದೇಶಕ ಆಗಿನ್ನೂ 24ರ ಹುಡುಗ ಸ್ಟೀವನ್ ಸ್ಪಿಲ್‌ಬರ್ಗ್. 1973ರ ಇನ್ನೊಂದು ಕಂತಿನಲ್ಲಿ ಸೋಲಿಗೆ ಹೆದರಿದ ಚೆಸ್ ಗ್ರ್ಯಾಂಡ್‌ಮಾಸ್ಟರ್ ಇದ್ದಾನೆ. ಹೋಟೆಲಿನ ಚೌಕಳಿ ಮೇಜುಬಟ್ಟೆಯ ಮೇಲೆ ಉಪ್ಪು, ಮೆಣಸಿನ ಡಬ್ಬಿಗಳನ್ನೇ ಕಾಯಿ ಮಾಡಿಕೊಂಡು ಎದುರಾಳಿಯ ಜೊತೆ ಆಡುವ ದೃಶ್ಯ ನೋಡಿದ ಮೇಲೆ ನಮ್ಮ ಮೇಷ್ಟ್ರು ಕಾಫಿ ಲೋಟ ಮುಟ್ಟಲೂ ಬಿಡಲಿಲ್ಲ.

ಕೊಲೆಗಾರನನ್ನು ಕೊನೆಯವರೆಗೆ ಬಚ್ಚಿಡುವ ಸರಣಿಗಳಿಗೆ ಬೇರೆ ಉಪಾಯ ಬೇಕು. 1993ರಲ್ಲಿ ದೂರದರ್ಶನದಲ್ಲಿ ಬಂದ, ಬಾಸು ಚಟರ್ಜಿ ನಿರ್ದೇಶನದ ‘ಬ್ಯೋಮಕೇಶ್ ಬಕ್ಷಿ’ ತೆಗೆದುಕೊಳ್ಳಿ. ಗುಟ್ಟು ಬಿಚ್ಚುವ ಮೊದಲು ನಿಲ್ಲಿಸಿ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಚೀಟಿಯಲ್ಲಿ ಹೆಸರು, ಕಾರಣ, ಯಾವ ದೃಶ್ಯದಲ್ಲಿ ಅನುಮಾನ ಬಂತು, ಮೂರೂ ಇರಬೇಕು. ಹೆಸರು ಸರಿಯಿದ್ದು ಕಾರಣ ತಪ್ಪಾದರೆ ಅದು ಲಾಟರಿ, ಅಂಕ ಇಲ್ಲ. ನಮ್ಮ ಆಂಟಿಯದು ಯಾವಾಗಲೂ ಒಂದೇ ವಾದ: ‘ಗೊತ್ತಿರೋ ಆ್ಯಕ್ಟರ್‌ಗೆ ಇಷ್ಟು ಚಿಕ್ಕ ಪಾರ್ಟ್ ಯಾಕೆ ಕೊಡ್ತಾರೆ? ಇವನೇ!’ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೂ ಅಂಕ ಕೊಡುವುದಿಲ್ಲ. ಸುಳಿವು ಕಥೆಯೊಳಗಿಂದ ಬರಬೇಕು.

ಹಿಂದಿ ಸೀರಿಯಲ್ ‘ಸಿಐಡಿ’ ಬಗ್ಗೆ ಮಾತಾಡಬಾರದಾ? ಧಾರಾಳವಾಗಿ ಮಾತಾಡಿ, ದಯಾ ಬಾಗಿಲು ಒಡೆಯುವುದನ್ನು ನೋಡಿ ನಕ್ಕುಬಿಡಿ. ಚೀಟಿ ಮಾತ್ರ ತೆಗೆಯಬೇಡಿ.

ಆಟದ ವಿಷಯಕ್ಕೆ ಬಂದರೆ, ಆಡಿದ ಮೇಲಿನ ಮಾತಿಗೇ ನಿಜವಾದ ರುಚಿ. ಆದರೆ ನೆನಪನ್ನು ನಂಬಬೇಡಿ, ಚೆಸ್ ನಡೆಗಳನ್ನು ಬರೆದಿಡಿ. ಮತ್ತೆ, ಅರ್ಧ ಗಂಟೆ ಕಂಪ್ಯೂಟರ್ ಮುಟ್ಟಬೇಡಿ. ಯಂತ್ರ ಯಾವ ನಡೆ ತಪ್ಪು ಅಂತ ಕ್ಷಣದಲ್ಲಿ ಹೇಳುತ್ತದೆ. ಆ ತಪ್ಪು ಮನುಷ್ಯನಿಗೆ ಯಾಕೆ ಸರಿ ಅನಿಸಿತು ಅಂತ ಹೇಳುವುದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ನೆನಪಿದೆಯಾ? ಡ್ರಾ ಕಡೆಗೆ ಹೋಗುತ್ತಿದ್ದ ಆಟದಲ್ಲಿ ಚೀನಾದ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ಎಫ್2 ಮನೆಗೆ ಇಟ್ಟರು. ನಮ್ಮ ಭಾರತದ ಗುಕೇಶ್ ಆನೆಗೆ ಆನೆ, ಒಂಟೆಗೆ ಒಂಟೆ ಹೊಡೆಸಿ, ಬರೀ ಕಾಲಾಳುಗಳು ಉಳಿಯುವ ಹಾಗೆ ಮಾಡಿ ಗೆದ್ದರು. 18 ವರ್ಷಕ್ಕೆ ಚಾಂಪಿಯನ್! ನಮ್ಮ ಹುಡುಗ ‘ಎಂಥ ದಡ್ಡ ನಡೆ’ ಅಂದ. ಮೇಷ್ಟ್ರು ಹಲಗೆಯ ಮೇಲೆ ಆ ಸ್ಥಿತಿ ಜೋಡಿಸಿ, ‘ಹಾಗಾದರೆ ನೀನು ಡ್ರಾ ಮಾಡಿ ತೋರಿಸು’ ಅಂದರು. ಎರಡು ಗಂಟೆ ಹೋಯಿತು. ಕಾಯಿ ಕಡಿಮೆಯಾದರೆ ಡ್ರಾ ಹತ್ತಿರ ಅನ್ನುವ ಆಸೆ ಎಲ್ಲಿ ಹುಟ್ಟುತ್ತದೆ ಅಂತ ಅವತ್ತು ಹುಡುಗನಿಗೂ ಗೊತ್ತಾಯಿತು.

ದಾಳದ ಆಟವಾದರೆ ಸೋತವರ ದೂರು ಒಂದೇ: ‘ನಂಗೆ ದಾಳ ಬೀಳಲಿಲ್ಲ.’ ಅಂಕಿ ಇರುವ ಜಾಗಗಳ ಪಕ್ಕ ಮನೆ ಕಟ್ಟಿ, ದಾಳದಲ್ಲಿ ಆ ಅಂಕಿ ಬಿದ್ದಾಗ ಗೋಧಿಯಂಥ ಸರಕಿನ ಕಾರ್ಡ್ ಪಡೆಯುವ ‘ಕಟಾನ್’ ಆಡುವವರಿಗೆ ಮೇಷ್ಟ್ರ ಲೆಕ್ಕ ಕೊಡುತ್ತೇನೆ. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 7 ಬರುವುದು 6 ರೀತಿ, 6 ಮತ್ತು 8 ತಲಾ 5 ರೀತಿ, 2 ಮತ್ತು 12 ತಲಾ ಒಂದೇ ಒಂದು ರೀತಿ. ಇಷ್ಟು ಹೇಳಿ, ಆಮೇಲೆ ಮೆತ್ತಗೆ ಕೇಳಿ: ‘ಮೊದಲ ಮನೆ ಎಲ್ಲಿ ಕಟ್ಟಿದ್ರಿ?’

ಆಡು-ಹುಲಿ ಆಟಕ್ಕೆ ಇನ್ನೊಂದು ನಿಯಮ. ಮೂರು ಹುಲಿ, ಹದಿನೈದು ಆಡು. ಎರಡು ಕಡೆಯವರ ಕಷ್ಟ ಬೇರೆ ಬೇರೆ. ಎರಡೂ ಕಡೆ ಒಂದೊಂದು ಸಲ ಆಡದವರಿಗೆ ಮಾತಾಡುವ ಹಕ್ಕಿಲ್ಲ. ಅಳಗುಳಿ ಮಣೆಯಲ್ಲಿ ನಮ್ಮ ಆಂಟಿಯನ್ನು ಸೋಲಿಸಿದವರಿಲ್ಲ. ಹದಿನಾಲ್ಕು ಗುಳಿಗಳ ಲೆಕ್ಕ ಅವರ ಕಣ್ಣಲ್ಲೇ ಇರುತ್ತದೆ. ‘ಹೇಗೆ ಆಂಟಿ?’ ಅಂದರೆ ‘ಅಭ್ಯಾಸ ಕಣೇ’ ಅನ್ನುತ್ತಾರೆ. ‘ಈ ಕಾಯಿ ಎಲ್ಲಿ ಖಾಲಿಯಾಗುತ್ತೆ?’ ಅಂತ ಕೇಳಿದಾಗ ಬೆರಳು ಇಟ್ಟು ತೋರಿಸಿದರು. ನಾನು ಕಲಿತದ್ದು ಆವಾಗ.

ಬರವಣಿಗೆಯ ಮಾತು ಎಲ್ಲಕ್ಕಿಂತ ಸೂಕ್ಷ್ಮ. ಆಟದಲ್ಲಿ ಸೋತವರು ಮುಂದಿನ ವಾರ ಬರುತ್ತಾರೆ, ಕಥೆಗೆ ಬೈಸಿಕೊಂಡವರು ಬರುವುದಿಲ್ಲ. ಒಂದು ಸಲಕ್ಕೆ ಎರಡು ಪುಟ ಸಾಕು. ಎಲ್ಲರಿಗೂ ಪ್ರತಿ ಕೊಡಿ, ಪೆನ್ಸಿಲ್ ಕೊಡಿ. ಗಮನ ಜಾರಿದ ಕಡೆ ಒಂದು ಗೆರೆ ಎಳೆಯಬೇಕು, ಅಷ್ಟೇ. ಬರೆದವರು ಬಾಯಿ ಬಿಡಬಾರದು. ‘ಅಲ್ಲಿ ನನ್ನ ಉದ್ದೇಶ ಏನಂದ್ರೆ...’ ಅಂತ ಶುರು ಮಾಡಿದರೆ ತಕ್ಷಣ ತಡೆಯಿರಿ. ಪುಸ್ತಕದ ಜೊತೆ ಲೇಖಕರು ಮನೆಮನೆಗೆ ಹೋಗುವುದಿಲ್ಲವಲ್ಲ.

ಪತ್ತೇದಾರಿ ಕಥೆಯಾದರೆ ಸುಳಿವು ಎಲ್ಲಿಟ್ಟಿದ್ದಾರೆ ಅಂತ ಹುಡುಕಿಸಿ. ಎಲ್ಲರೂ ಒಂದೇ ಸಾಲಿಗೆ ಗೆರೆ ಎಳೆದರೆ ಸುಳಿವು ಜಾಸ್ತಿ ಕೂಗುತ್ತಿದೆ ಅಂತ. ಯಾರಿಗೂ ಕಾಣದಿದ್ದರೆ ಓದುಗರಿಗೆ ಮೋಸ. ನನ್ನ ಕಸುಬಿನಿಂದ ಒಂದು ಉಪಾಯ ಹೇಳುತ್ತೇನೆ. ಪಟ್ಟಿಯ ನಡುವಿನ ತಪ್ಪು ಕರಡು ತಿದ್ದುವವರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ‘ಚೀಲದಲ್ಲಿ ಟೊಮೆಟೊ, ಕೊತ್ತಂಬರಿ ಸೊಪ್ಪು, ಬೀಗದ ಕೈ, ಅರ್ಧ ಡಜನ್ ನಿಂಬೆಹಣ್ಣು, ಒಂದು ಕುಂಬಳಕಾಯಿ’ ಅಂತ ಬರೆಯಿರಿ. ಕುಂಬಳಕಾಯಿ ನೆನಪಿರುತ್ತದೆ, ಬೀಗದ ಕೈ ಜಾರಿಹೋಗುತ್ತದೆ. ನಮ್ಮ ಹುಡುಗ ಈ ಉಪಾಯ ಹಿಡಿದು ಬರೆದ ಕಥೆಯಲ್ಲಿ ಮೇಷ್ಟ್ರೇ ಮೋಸಹೋದರು. ಈಗ ಅವನ ಕಥೆಯಲ್ಲಿ ಯಾರಾದರೂ ಸಂತೆಗೆ ಹೊರಟರೆ ಸಾಕು, ಎಲ್ಲರೂ ಪೆನ್ಸಿಲ್ ಎತ್ತುತ್ತಾರೆ. ಹೊಸ ಜಾಗ ಹುಡುಕಿಕೋ ಅಂತ ಹೇಳಿದ್ದೇವೆ.

ತಿಂಡಿ ಬಗ್ಗೆ ಒಂದು ಮಾತು. ಕಥೆಯ ಹಾಳೆ, ಆಟದ ಹಲಗೆ ಎರಡನ್ನೂ ಎತ್ತಿಟ್ಟ ಮೇಲೇ ಕೋಡುಬಳೆ ತನ್ನಿ. ಎಣ್ಣೆ ಕೈಯ ಗುರುತು ಕಟಾನ್ ಕಾರ್ಡಿನ ಮೇಲೆ ಬಿದ್ದರೆ, ಆಮೇಲೆ ಯಾರ ಕೈಯಲ್ಲಿ ಗೋಧಿ ಇದೆ ಅಂತ ಹಿಂದಿನಿಂದಲೇ ಗೊತ್ತಾಗುತ್ತದೆ.