ಟ್ರಂಪೆಟ್‌ಗೆ ಮೈಕ್, ಪಿಕಪ್, ಪೆಡಲ್: ಜೋಡಿಸುವುದು ಹೇಗೆ?

ಗಿಟಾರ್‌ನವರು ಸದ್ದು ಬದಲಿಸಲು ಕಾಲಿನಲ್ಲಿ ತುಳಿಯುವ ಪೆಟ್ಟಿಗೆಗಳನ್ನು, ಅಂದರೆ ಪೆಡಲ್‌ಗಳನ್ನು, ಟ್ರಂಪೆಟ್‌ಗೂ ಹಾಕಿ ನೋಡಬೇಕು ಅನ್ನುವ ಆಸೆ ಹಳೆಯದು. 1960ರ ದಶಕದ ಕೊನೆಯ ಹೊತ್ತಿಗೇ ಜಾಝ್ ವಾದಕ ಡಾನ್ ಎಲಿಸ್ ತಮ್ಮ ಟ್ರಂಪೆಟ್‌ ಅನ್ನು ಟೇಪ್ ಎಕೋಗೆ (ಟೇಪಿನಿಂದ ಪ್ರತಿಧ್ವನಿ ಹುಟ್ಟಿಸುವ ಯಂತ್ರ) ಸೇರಿಸಿದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಸದ್ದನ್ನು ‘ವಾ-ವಾ’ ಅಂತ ತಿರುಚುವ ವಾ ಪೆಡಲ್ ತುಳಿಯುತ್ತಾ ಊದಿದರು. ಇವತ್ತು ಸಾಮಾನು ಸುಲಭವಾಗಿ ಸಿಗುತ್ತದೆ. ಆದರೂ ಹೊಸಬರು ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮೈಕ್‌ನ ಕೇಬಲ್ಲನ್ನು ನೇರವಾಗಿ ಪೆಡಲ್‌ಗೆ ಚುಚ್ಚುತ್ತಾರೆ. ಸದ್ದು ಸಣಕಲಾಗಿ ಬರುತ್ತದೆ. ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಜಾಸ್ತಿ ಮಾಡುತ್ತಾರೆ. ಮೊದಲು ಬುಸ್ ಅನ್ನುವ ಗದ್ದಲ, ಹಿಂದೆಯೇ ಕುಂಯ್ ಅನ್ನುವ ಕೂಗು. ಕೊನೆಗೆ ‘ಟ್ರಂಪೆಟ್‌ಗೆ ಪೆಡಲ್ ಒಗ್ಗಲ್ಲ’ ಅಂತ ಕೈಬಿಡುತ್ತಾರೆ. ಖಂಡಿತ ಒಗ್ಗುತ್ತದೆ. ಮೈಕ್‌ಗೂ ಪೆಡಲ್‌ಗೂ ನಡುವೆ ಏನು ಬೇಕು ಅನ್ನುವುದು ಗೊತ್ತಿದ್ದರೆ ಸಾಕು.

1. ಮೈಕೋ ಪಿಕಪ್ಪೋ, ಮೊದಲು ತೀರ್ಮಾನಿಸಿ

ಮೈಕ್ ಹಿಡಿಯುವುದು ಬೆಲ್‌ನಿಂದ (ಟ್ರಂಪೆಟ್‌ನ ಅಗಲ ಬಾಯಿ) ಹೊರಬಂದ ಸದ್ದನ್ನು. ಪಿಕಪ್ ಹಿಡಿಯುವುದು ತುಟಿ ಇಟ್ಟು ಊದುವ ಮೌತ್‌ಪೀಸ್ ಒಳಗಿನ ಗಾಳಿಯ ಒತ್ತಡದ ಏರಿಳಿತವನ್ನು. ಇವೆರಡೂ ಬೇರೆ ಬೇರೆ ಸದ್ದು. ಬೆಲ್ ಹೆಚ್ಚಿನ ಆವರ್ತನಗಳನ್ನು ಚೆನ್ನಾಗಿ ಹೊರಗೆ ಬಿಡುತ್ತದೆ, ಕಡಿಮೆಯವನ್ನು ಬಹುಪಾಲು ಒಳಕ್ಕೇ ತಿರುಗಿಸುತ್ತದೆ. ಟ್ರಂಪೆಟ್‌ನ ಹೊಳಪು ಹುಟ್ಟುವುದು ಅಲ್ಲಿಯೇ. ಒಳಗೆ ಕೂತ ಪಿಕಪ್‌ಗೆ ಆ ಹೊಳಪು ಸಿಗುವುದಿಲ್ಲ. ಮೂಗಿನಲ್ಲಿ ಹಾಡಿದ ಹಾಗೆ ಮಂದವಾಗಿ ಕೇಳುತ್ತದೆ. ಆದರೆ ಸ್ಪೀಕರ್ ಪಕ್ಕ ನಿಂತರೂ ಅದು ಬೇಗ ಕೂಗುವುದಿಲ್ಲ, ಡ್ರಮ್ಸ್ ಸದ್ದೂ ಒಳಗೆ ನುಗ್ಗುವುದಿಲ್ಲ.

ಮೊದಲು ಮೈಕ್ ಕೊಳ್ಳಿ. ಸದ್ದನ್ನು ಒರಟಾಗಿ ಒಡೆಯುವ ಫಜ್, ಕೆಳಗಿನ ಸಪ್ತಕದ ಸ್ವರ ಸೇರಿಸುವ ಆಕ್ಟೇವ್ ಪೆಡಲ್‌ಗಳ ರುಚಿ ಹತ್ತಿದ ಮೇಲೆ ಪಿಕಪ್ ನೋಡೋಣ. ಪಿಕಪ್‌ಗಾಗಿ ಮೌತ್‌ಪೀಸ್‌ನಲ್ಲಿ ತೂತು ಕೊರೆಯಬೇಕು. ದಯವಿಟ್ಟು ದಿನಾ ಊದುವ ಮೌತ್‌ಪೀಸ್‌ ಅನ್ನು ಕೊರೆಸಬೇಡಿ, ಇನ್ನೊಂದನ್ನು ಅದಕ್ಕೇ ಇಟ್ಟುಕೊಳ್ಳಿ. ಮನೆಯ ಡ್ರಿಲ್‌ನಲ್ಲಿ ಕೊರೆಯುವುದಂತೂ ಬೇಡವೇ ಬೇಡ. ಒಳಗೆ ಕೂದಲೆಳೆಯಷ್ಟು ಲೋಹದ ಚೂರು ಉಳಿದರೂ, ಎಲ್ಲಾದರೂ ಗಾಳಿ ಸೋರಿದರೂ, ಸ್ವರ ನಿಲ್ಲುವುದಿಲ್ಲ. ವಾದ್ಯ ರಿಪೇರಿ ಮಾಡುವವರ ಕೈಯಲ್ಲೇ ಮಾಡಿಸಿ.

2. ಮೈಕ್ ಇಡುವುದು

ಬೆಲ್ ಬಾಯಿಯಲ್ಲಿ ಸದ್ದು 120 ಡೆಸಿಬೆಲ್ ದಾಟಬಹುದು. ಅದನ್ನು ತಡೆಯುವ ಮೈಕ್ ಬೇಕು. ಸ್ಟ್ಯಾಂಡ್ ಮೇಲಾದರೆ ಶೂರ್ ಎಸ್‌ಎಂ57 ತರಹದ ಡೈನಮಿಕ್ ಮೈಕ್ ಸಾಕು. ಬೆಲ್‌ನಿಂದ ಒಂದು ಗೇಣು ದೂರ, ನಡುಮಧ್ಯದಿಂದ ಸ್ವಲ್ಪ ಪಕ್ಕಕ್ಕೆ. ನೇರ ನಡುವೆ ಇಟ್ಟರೆ ಸದ್ದು ಕಿವಿ ಚುಚ್ಚುತ್ತದೆ. ನುಡಿಸುತ್ತಾ ಓಡಾಡುವವರಿಗೆ ಬೆಲ್‌ಗೆ ಕಚ್ಚುವ ಕ್ಲಿಪ್ ಮೈಕ್ ಒಳ್ಳೆಯದು, ಡಿಪಿಎ 4099 ತರಹದ್ದು.

ಕ್ಲಿಪ್ ಹಾಕಿದ ಮೇಲೆ ಊದದೆ ಸುಮ್ನೆ ಮೂರೂ ವಾಲ್ವ್ ಒತ್ತಿ ಬಿಡಿ. ಸ್ಪೀಕರ್‌ನಲ್ಲಿ ಟಕ್ ಟಕ್ ಜೋರಾಗಿ ಕೇಳಿಸಿತಾ? ಕ್ಲಿಪ್‌ನ ರಬ್ಬರ್ ಸವೆದಿದೆ, ಇಲ್ಲವೇ ಮೈಕ್‌ನ ಕತ್ತು ಎಲ್ಲೋ ಲೋಹಕ್ಕೆ ತಾಗುತ್ತಿದೆ. ಇದನ್ನು ಈಗಲೇ ಸರಿಮಾಡಿ. ಮುಂದೆ ಸದ್ದನ್ನು ತಡವಾಗಿ ಮರಳಿಸುವ ಡಿಲೇ ಪೆಡಲ್ ಹಾಕಿದಾಗ ಆ ಒಂದೊಂದು ಟಕ್ ಕೂಡ ನಾಲ್ಕು ಸಲ ಮರಳಿ ಬರುತ್ತದೆ.

ಹೆಸರಿಲ್ಲದ ಅಗ್ಗದ ವೈರ್‌ಲೆಸ್ ಕ್ಲಿಪ್ ಮೈಕ್‌ಗಳನ್ನು ಮುಟ್ಟಬೇಡಿ. ಮೆಲ್ಲಗೆ ಊದಿದಾಗ ಚೆಂದ ಕೇಳಿ, ಜೋರಾದ ಕೂಡಲೇ ಸದ್ದನ್ನು ಹಿಸುಕಿಬಿಡುವಂಥವನ್ನು ಸಾಕಷ್ಟು ನೋಡಿದ್ದೇನೆ.

3. ಮೈಕ್‌ನಿಂದ ಪೆಡಲ್‌ಗೆ: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಡೈನಮಿಕ್ ಮೈಕ್ ಕೊಡುವುದು ಕೆಲವು ಮಿಲಿವೋಲ್ಟ್. ಟ್ರಂಪೆಟ್ ಹತ್ತಿರದಲ್ಲಿ ಜೋರಾಗಿ ಊದಿದರೆ ಕೆಲವು ಹತ್ತು ಮಿಲಿವೋಲ್ಟ್. ಗಿಟಾರ್ ಪೆಡಲ್ ಕಾಯುವುದು ಗಿಟಾರ್‌ನ ಮಟ್ಟಕ್ಕೆ, ಅಂದರೆ ನೂರಾರು ಮಿಲಿವೋಲ್ಟ್‌ಗೆ. ಈ ಅಂತರವನ್ನು ಪೆಡಲ್ ಆದ ಮೇಲೆ ಆಂಪ್‌ನಲ್ಲಿ ತುಂಬಲು ಹೋದರೆ, ಪೆಡಲ್‌ನ ಸ್ವಂತ ಗದ್ದಲವೂ ಜೊತೆಗೇ ಅಷ್ಟೇ ಹೆಚ್ಚುತ್ತದೆ. ಆ ಬುಸ್ ಸದ್ದು ಹುಟ್ಟುವುದು ಹೀಗೆ. ಕ್ಲಿಪ್ ಮೈಕ್ ಆದರೆ ಇನ್ನೂ ಒಂದು ತೊಡಕು. ಅವು ಹೆಚ್ಚಾಗಿ ಕಂಡೆನ್ಸರ್ ಮೈಕ್‌ಗಳು, ಮೈಕ್ ಕೇಬಲ್ಲಿನಲ್ಲೇ ಬರುವ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್ ಪವರ್) ಬೇಡುವಂಥವು. ಪೆಡಲ್ ಅದನ್ನು ಕೊಡುವುದಿಲ್ಲ, ಹಾಗಾಗಿ ಸದ್ದೇ ಬರುವುದಿಲ್ಲ. ಮೈಕ್ ಕೆಟ್ಟಿದೆ ಅಂತ ವಾಪಸ್ ಕೊಟ್ಟವರೂ ಇದ್ದಾರೆ.

ಆದ್ದರಿಂದ ನಡುವೆ ಒಂದು ಮೈಕ್ ಪ್ರಿಆಂಪ್ (ಮೈಕ್‌ನ ಮಟ್ಟ ಎತ್ತುವ ಪೆಟ್ಟಿಗೆ) ಬೇಕೇ ಬೇಕು. ಮೈಕ್‌ನಿಂದ ಪ್ರಿಆಂಪ್, ಅಲ್ಲಿಂದ ಪೆಡಲ್‌ಗಳು, ಅಲ್ಲಿಂದ ಡಿಐ ಬಾಕ್ಸ್ (ಪೆಡಲ್‌ನ ಸದ್ದನ್ನು ಮಿಕ್ಸರ್‌ಗೆ ಒಗ್ಗಿಸುವ ಪೆಟ್ಟಿಗೆ), ಕೊನೆಗೆ ಮಿಕ್ಸರ್.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಟುಡಿಯೋ ಪ್ರಿಆಂಪ್‌ಗಳು ಕೊಡುವುದು ಲೈನ್ ಮಟ್ಟ, ಸುಮಾರು 1.2 ವೋಲ್ಟ್. ಎತ್ತಿ ಊದಿದಾಗ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. 9 ವೋಲ್ಟ್‌ನಲ್ಲಿ ಓಡುವ ಪೆಡಲ್‌ಗೆ ಅದು ವಿಪರೀತ. ಈಗ ಉಲ್ಟಾ ತೊಂದರೆ: ಬೇಡವೆಂದರೂ ಸದ್ದು ಒಡೆಯುತ್ತದೆ. ಅದಕ್ಕೇ ಪ್ರಿಆಂಪ್‌ನ ಔಟ್‌ಪುಟ್ ತಗ್ಗಿಸಲು ಬೇರೆ ಗುಂಡಿ ಇರಬೇಕು, ಇಲ್ಲವೇ ನಡುವೆ ರಿಆಂಪ್ ಬಾಕ್ಸ್ (ಲೈನ್ ಮಟ್ಟವನ್ನು ಪೆಡಲ್‌ನ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) ಇರಬೇಕು. ಮೈಕ್ ಇನ್‌ಪುಟ್, ಫ್ಯಾಂಟಮ್ ಪವರ್, ಪೆಡಲ್‌ಗೆ ಹೋಗಿ ಬರುವ ದಾರಿ ಎಲ್ಲವೂ ಒಂದರಲ್ಲೇ ಇರುವ ಪೆಟ್ಟಿಗೆಗಳಿವೆ. ರೇಡಿಯಲ್ ವೋಕೋ ಲೋಕೋ, ಈವೆಂಟೈಡ್ ಮಿಕ್ಸಿಂಗ್‌ಲಿಂಕ್ ಅಂಥವು. ಮೊದಲ ಪೆಡಲ್ ಕೊಳ್ಳುವ ಮುಂಚೆ ಇಂಥದ್ದೊಂದನ್ನು ಕೊಳ್ಳಿ. ಪೆಡಲ್‌ಗೆ ಹೋಗದ ಮೂಲ ಸದ್ದನ್ನೂ ಇದರಲ್ಲಿ ಬೇಕಾದಷ್ಟು ಬೆರೆಸಬಹುದು. ಟ್ರಂಪೆಟ್‌ಗೆ ಅದು ಬಹಳ ಮುಖ್ಯ, ನಾಲಿಗೆಯ ಪೆಟ್ಟು ಸ್ಪಷ್ಟವಾಗಿ ಉಳಿಯುತ್ತದೆ.

ಮಟ್ಟ ಕೂಡಿಸುವ ಕ್ರಮ ಹೀಗಿರಲಿ. ಪೆಡಲ್ ಎಲ್ಲ ಆಫ್. ನಿಮ್ಮ ಹಾಡಿನಲ್ಲಿ ಅತ್ಯಂತ ಜೋರಾದ ಜಾಗ ಊದಿ. ಪ್ರಿಆಂಪ್‌ನ ಕೆಂಪು ದೀಪ ಹೊತ್ತುವವರೆಗೆ ಗೇನ್ (ಮೈಕ್‌ನ ಮಟ್ಟ ಎತ್ತುವ ಗುಂಡಿ) ಏರಿಸಿ, ಅಲ್ಲಿಂದ ಚೆನ್ನಾಗಿ ಇಳಿಸಿ. ವೇದಿಕೆ ಮೇಲೆ ಇದಕ್ಕಿಂತ ಜೋರಾಗಿಯೇ ಊದುತ್ತೀರಿ, ಅಲ್ವಾ? ಆಮೇಲೆ ವಾ ಪೆಡಲ್ ಒಂದನ್ನೇ ಆನ್ ಮಾಡಿ ಎತ್ತರದ ಸ್ವರವನ್ನು ಹಿಡಿದು ನಿಲ್ಲಿಸಿ, ಪೆಡಲ್ಲನ್ನು ಮೇಲೆ ಕೆಳಗೆ ಆಡಿಸಿ. ಎಲ್ಲಾದರೂ ಬಿರುಕು ಕೇಳಿದರೆ ಪೆಡಲ್‌ಗೆ ಹೋಗುವ ಮಟ್ಟ ಜಾಸ್ತಿಯಾಗಿದೆ. ಬಿರುಕು ಹೋಗುವವರೆಗೆ ತಗ್ಗಿಸಿ.

ಮೈಕ್‌ನ ಮೂರು ಪಿನ್‌ನ ಎಕ್ಸ್‌ಎಲ್‌ಆರ್‌ನಿಂದ ಪೆಡಲ್‌ನ ಜ್ಯಾಕ್‌ಗೆ ಬದಲಿಸುವ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಒಂದು ಅಡ್ಡದಾರಿ. ಡೈನಮಿಕ್ ಮೈಕ್‌ಗೆ ಕೆಲಸ ನಡೆಯುತ್ತದೆ. ಕಂಡೆನ್ಸರ್‌ಗೆ ನಡೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದ ಬರೀ ಕೇಬಲ್ ಯಾವುದಕ್ಕೂ ಬೇಡ.

ಪೀಜೋ ಪಿಕಪ್ (ಒತ್ತಡವನ್ನು ವಿದ್ಯುತ್ತಾಗಿ ಬದಲಿಸುವಂಥದ್ದು) ಇದ್ದವರಿಗೆ ಬೇರೆ ಲೆಕ್ಕ. ಅದು ಗಿಟಾರ್ ಪೆಡಲ್‌ಗೆ ನೇರವಾಗಿ ಹೋಗಬಹುದು. ಅದಕ್ಕೆ ಬೇಕಾದ್ದು ಸುಮಾರು ಹತ್ತು ಲಕ್ಷ ಓಮ್‌ನ ಇನ್‌ಪುಟ್. ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಕೆಳಗಿನ ಸದ್ದು ಸೋರಿಹೋಗುತ್ತದೆ.

4. ಕೂಗು ತಡೆಯಿರಿ

ಬೆಲ್‌ ಅನ್ನು ಮಾನಿಟರ್ (ನುಡಿಸುವವರಿಗೆ ಕೇಳಲು ಇಟ್ಟ ಸ್ಪೀಕರ್) ಕಡೆ ತಿರುಗಿಸಬೇಡಿ. ಸ್ಟ್ಯಾಂಡ್ ಮೈಕ್ ಆದರೆ ಅದರ ಬೆನ್ನು ಮಾನಿಟರ್‌ಗೆ ಇರಲಿ. ಬಿ ಫ್ಲಾಟ್ ಟ್ರಂಪೆಟ್‌ನ ಅತಿ ಕೆಳಗಿನ ಸ್ವರ ಸುಮಾರು 165 ಹರ್ಟ್ಸ್. ಹಾಗಾಗಿ 120 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸಿ. ಆಕ್ಟೇವ್ ಪೆಡಲ್ ಇದ್ದರೆ ಅದಕ್ಕೆ ಮುಂಚೆಯೇ ಕತ್ತರಿಸಿ. ಆಮೇಲೆ ಕತ್ತರಿಸಿದರೆ ಅದು ಹುಟ್ಟಿಸಿದ ಕೆಳಗಿನ ಸ್ವರವೂ ಹೋಗುತ್ತದೆ.

5. ಈಗ ಪೆಡಲ್‌ಗಳು

ಕ್ರಮ: ವಾ, ಆಕ್ಟೇವ್ ಅಥವಾ ಹಾರ್ಮನೈಜರ್ (ಜೊತೆಗೆ ಇನ್ನೊಂದು ಸ್ವರ ಸೇರಿಸುವುದು), ಫಜ್, ಡಿಲೇ, ರಿವರ್ಬ್ (ದೊಡ್ಡ ಹಾಲ್‌ನ ಅನುರಣನ ಸೇರಿಸುವುದು). ಬದಲಿಸಿ ನೋಡಬಹುದು, ಆದರೆ ರಿವರ್ಬ್ ಕೊನೆಗೇ ಇರಲಿ. ಟ್ರಂಪೆಟ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುವುದರಿಂದ ಆಕ್ಟೇವ್ ಪೆಡಲ್ ಅದನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಫಜ್‌ಗೆ ಮಾತ್ರ ಪಿಕಪ್ ಇದ್ದರೆ ಒಳ್ಳೆಯದು. ಮೈಕ್‌ನಲ್ಲಿ ಹಾಕಿದರೆ ಉಸಿರು, ವಾಲ್ವ್, ಪಕ್ಕದವರ ಡ್ರಮ್ಸ್ ಎಲ್ಲವೂ ಫಜ್ ಆಗುತ್ತವೆ.

ಹಾರ್ಮನೈಜರ್‌ನಲ್ಲಿ ಶ್ರುತಿ ಹೊಂದಿಸುವಾಗ ಎಚ್ಚರ. ಬಿ ಫ್ಲಾಟ್ ಟ್ರಂಪೆಟ್‌ನಲ್ಲಿ ನೀವು ಸಿ ಅಂತ ಓದಿ ಊದಿದ್ದು ಕೇಳುವುದು ಬಿ ಫ್ಲಾಟ್ ಆಗಿ. ಪೆಡಲ್‌ಗೆ ಗೊತ್ತಿರುವುದು ಕೇಳಿದ ಸ್ವರ ಮಾತ್ರ. ನಿಮ್ಮ ಹಾಳೆಯಲ್ಲಿ ಡಿ ಮೇಜರ್ ಇದ್ದರೆ ಪೆಡಲ್‌ನಲ್ಲಿ ಸಿ ಮೇಜರ್ ಇಡಿ.

ಡಿಲೇ ಸಮಯಕ್ಕೆ 60,000ವನ್ನು ಹಾಡಿನ ವೇಗದಿಂದ ಭಾಗಿಸಿ. ನಿಮಿಷಕ್ಕೆ 120 ಬೀಟ್ ಆದರೆ 500 ಮಿಲಿಸೆಕೆಂಡ್.

6. ಬಿಚ್ಚುವಾಗ

ಮೊದಲು ಸ್ಪೀಕರ್‌ನ ಸದ್ದು ಪೂರ್ತಿ ಇಳಿಸಿ. ಆಮೇಲೆ ಫ್ಯಾಂಟಮ್ ಪವರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಕೇಬಲ್ ತೆಗೆಯಿರಿ. ಪಿಕಪ್ ಇದ್ದರೆ ಕಳಚಿ, ಒಳಗೆ ಕೂತ ಉಸಿರಿನ ನೀರನ್ನು ಒಣಬಟ್ಟೆಯಲ್ಲಿ ಒರೆಸಿ, ಮೌತ್‌ಪೀಸ್‌ನ ತೂತಿಗೆ ಅದರ ಬಿರಡೆ ಹಾಕಿಡಿ.